ಮದರಂಗಿಯ ಹೆಸರಿನಲ್ಲಿ ಕರಿಯ ಬಣ್ಣ

ನಾಗರಪಂಚಮಿ ಸಮೀಪಿಸಿತೆಂದರೆ ಗದಗ-ಬೆಟಗೇರಿಯ ಓಣಿಗಳಲ್ಲಿ ಮದರಂಗಿಯ ಕಂಪು ತಾನಾಗಿಯೇ ಹರಡುತ್ತಿತ್ತು. ಹಿತ್ತಲಿನ ಗಿಡದ ಸೊಪ್ಪನ್ನು ತರಿದು ತಂದು, ಹುಣಸೆಹುಳಿ ಕಾಚು ಕೂಡಿಸಿ ಒಳಕಲ್ಲಿನಲ್ಲಿ ಅರೆದು, ರಾತ್ರಿ ಊಟವಾದ ಮೇಲೆ ಹೆಣ್ಣುಮಕ್ಕಳು ಅಂಗೈಗೆ ಮೆತ್ತಿಕೊಂಡು, ಹಳೆಯ ಅರಿವೆ ಸುತ್ತಿ ಮಲಗುತ್ತಿದ್ದರು. ಬೆಳಗಿಗೆ ಕೈ ತೊಳೆದರೆ ಕಿತ್ತಳೆಯ ಬಣ್ಣ. ಒಂದೆರಡು ದಿನಗಳಲ್ಲಿ ಅದು ಕಾವಿಗೆ ತಿರುಗುವುದು. ಬಣ್ಣ ಹತ್ತಲು ಇಡೀ ಒಂದು ರಾತ್ರಿ ಬೇಕೆಂಬುದನ್ನು ಯಾರೂ ದೂರಿದವರಲ್ಲ.

ಆಯುರ್ವೇದವು ಮದಯಂತಿಕಾ ಎಂದು ಕರೆಯುವ ಈ ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಲಾಸೋನಿಯಾ ಇನರ್ಮಿಸ್ ಎಂಬ ಹೆಸರನ್ನಿತ್ತಿದ್ದಾರೆ. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವನ್ನು ಹುಳಿಯು ಹೊರಕ್ಕೆ ಬಿಡಿಸುತ್ತದೆ. ಅದು ಚರ್ಮದ ಮೇಲ್ಪದರಿನ ಕೆರಾಟಿನ್ನಿಗೆ ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಇದು ಅವಸರದ ಕೆಲಸವಲ್ಲ. ಹಚ್ಚಿದ ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಗುವುದು ಮದರಂಗಿಯ ಸ್ವಭಾವವೇ ಅಲ್ಲ.

ಈಗ ಜಾತ್ರೆಗಳಲ್ಲಿ ಮಾರಾಟವಾಗುತ್ತಿರುವುದು ಅಂಥ ಕಪ್ಪು. ಕೆಲವು ವರ್ಷಗಳ ಹಿಂದೆ ಲಕ್ಷ್ಮೇಶ್ವರದ ಕಡೆಯ ಒಕ್ಕಲುತನದ ಕುಟುಂಬವೊಂದು ಮಠಕ್ಕೆ ಬಂದಿತು. ಒಂಬತ್ತು ವರ್ಷದ ಹುಡುಗ ಮತ್ತು ಅವನ ತಂಗಿ. ಶಿರಹಟ್ಟಿಯ ಜಾತ್ರೆಯಲ್ಲಿ ಹುಡುಗನು ಮುಂಗೈಯಿಂದ ಮೊಣಕೈಯವರೆಗೆ ಹೆಡೆಯೆತ್ತಿದ ನಾಗನ ಚಿತ್ರವನ್ನೂ, ತಂಗಿಯು ಒಂದು ಹೂವಿನ ಬಳ್ಳಿಯನ್ನೂ ಹಾಕಿಸಿಕೊಂಡಿದ್ದರು. ಎರಡನೆಯ ದಿನ ತುರಿಕೆ, ಮೂರನೆಯ ದಿನ ಬೊಕ್ಕೆ. ನಾವು ಕಂಡಾಗ ಚಿತ್ರದ ಗೆರೆಗೆರೆಯೂ ನೀರು ತುಂಬಿ ಉಬ್ಬಿತ್ತು. ಹೆಡೆಯ ಮೇಲಿನ ಚುಕ್ಕೆಗಳು ಸಹ ಒಂದೊಂದು ಗುಳ್ಳೆಯಾಗಿದ್ದವು. ಗೆರೆಯಾಚೆ ಚರ್ಮವು ತುಸು ಕೆಂಪಾಗಿತ್ತು, ಅಷ್ಟೇ. ಚರ್ಮದ ಮೇಲೆ ಹಾವು ಎದ್ದು ನಿಂತಂತಿದ್ದ ಆ ಕೈಯನ್ನು ನೋಡಿದವರಿಗೆ ಭಯವಾದುದರಲ್ಲಿ ಆಶ್ಚರ್ಯವಿಲ್ಲ.

ತಂದೆಯು ಕೈಮುಗಿದು ಹೇಳಿದನು: "ಹ್ವಾದ ವರ್ಷ ಮುಂಡರಗಿ ಜಾತ್ರ್ಯಾಗೂ ಹಿಂಗ ಹಾಕಿಸ್ಕೊಂಡಿದ್ದಾರಿ, ಆವಾಗ ಏನೂ ಆಗಿದ್ದಿಲ್ಲ. ಈ ಸಲ ಅವನ ತಂಗಿಗೂ ಅದ ಬಣ್ಣಾನ ಹಾಕ್ಯಾರ, ಆಕಿಗೆ ಏನೂ ಆಗಿಲ್ಲ. ಇವನೊಬ್ಬಗ ಆತು ಅಂದ್ರ ಇದು ನಾಗದೋಷ ಅಲ್ಲೇನ್ರಿ, ಅಜ್ಜಾರ? ಒಂದೀಟು ವಿಭೂತಿ ಮಂತ್ರಿಸಿ ಕೊಡ್ರಿ."

ಅವನ ತರ್ಕವನ್ನು ನಾವು ಹಗುರವಾಗಿ ಎಣಿಸಲಿಲ್ಲ. ಒಂದೇ ಬಣ್ಣ, ಇಬ್ಬರು ಮಕ್ಕಳು. ಒಬ್ಬನಿಗೆ ಮಾತ್ರ ಬಾಧೆ. ಬಣ್ಣವೇ ಕಾರಣವಾಗಿದ್ದರೆ ಇಬ್ಬರಿಗೂ ಆಗಬೇಕಲ್ಲ ಎಂಬುದು ಸಹಜವಾದ ಪ್ರಶ್ನೆ. ವಿಭೂತಿಯನ್ನು ಹುಡುಗನ ಹಣೆಗೆ ಧರಿಸಿದೆವು; ಹುಣ್ಣಿಗೆ ಸೋಕಿಸಗೊಡಲಿಲ್ಲ. ಅಂದೇ ಮಧ್ಯಾಹ್ನ ಗದಗಿನ ಚರ್ಮವೈದ್ಯರೊಬ್ಬರಲ್ಲಿಗೆ ಕಳುಹಿಸಿದೆವು.

ಹೊರಡುವ ಮುನ್ನ ಆ ತಂದೆಗೆ ಗೇರಿನ ನೆನಪು ಮಾಡಿಕೊಟ್ಟೆವು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಕರಿಗೇರಿನ ರಸದಿಂದ. ಆ ಗುರುತು ಕೊರಳಿಗೆ ತಾಗಿದಲ್ಲಿ ಕೆಲವರ ಮೈ ಉಬ್ಬುತ್ತಿತ್ತು. ಅದೇ ಮನೆಯ ಉಳಿದವರಿಗೆ ಏನೂ ಆಗುತ್ತಿರಲಿಲ್ಲ. ಗೇರಿನ ಈ ಉಗ್ರಗುಣವನ್ನು ಬಲ್ಲ ವೈದ್ಯರು ಭಲ್ಲಾತಕವನ್ನು ಇಟ್ಟಿಗೆಯ ಪುಡಿಯಲ್ಲಿ ತಿಕ್ಕಿ ಶೋಧಿಸದೆ ಔಷಧಕ್ಕೆ ಬಳಸರು. ಒಂದು ವಸ್ತುವು ಒಬ್ಬನಿಗೆ ಒಗ್ಗಿ ಮತ್ತೊಬ್ಬನಿಗೆ ಒಗ್ಗದಿರುವುದು ದೈವದ ಮುನಿಸಲ್ಲ, ದೇಹದ ಧರ್ಮ ಎಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ಅವನು ತಲೆದೂಗಿದನು. ಗೇರಿನ ಮಾತು ಅವನಿಗೆ ತಿಳಿಯಿತು.

ಜಾತ್ರೆಯ ಕಪ್ಪಿಗೆ ಕಾರಣವಾದ ವಸ್ತು ಪ್ಯಾರಾ-ಫಿನೈಲಿನ್ ಡೈಅಮೀನ್, ಸಂಕ್ಷೇಪದಲ್ಲಿ ಪಿ.ಪಿ.ಡಿ. ಇದು ಗಿಡದ ರಸವಲ್ಲ. ನರೆಗೂದಲನ್ನು ಕಪ್ಪಾಗಿಸುವ ಬಣ್ಣಗಳಲ್ಲಿರುವ ರಾಸಾಯನಿಕ. ಮದರಂಗಿಯ ಲೇಪಕ್ಕೆ ಇದನ್ನು ಬೆರೆಸಿದರೆ ರಾತ್ರಿಯಿಡೀ ಕಾಯಬೇಕಿಲ್ಲ. ಯುರೋಪಿನಲ್ಲಿ ಕೂದಲಿಗೆ ಹಚ್ಚುವಾಗ ಇದರ ಪ್ರಮಾಣ ಶೇಕಡಾ 2ನ್ನು ಮೀರಕೂಡದು, ಚರ್ಮದ ಮೇಲೆ ಚಿತ್ರ ಬಿಡಿಸಲು ಬಳಸುವಂತೆಯೇ ಇಲ್ಲ. ಆದರೆ 2010ರಲ್ಲಿ ಪ್ರಕಟವಾದ ಅರಬ್ ಸಂಯುಕ್ತ ಸಂಸ್ಥಾನದ ಪರೀಕ್ಷೆಯೊಂದರಲ್ಲಿ ಕರಿಮದರಂಗಿಯ ಮಾದರಿಗಳಲ್ಲಿ ಶೇಕಡಾ 29ನ್ನು ದಾಟುವಷ್ಟರವರೆಗೂ ಇದರ ಪ್ರಮಾಣ ಕಂಡುಬಂದಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಇದನ್ನೇ ಆ ವರ್ಷದ ಮುಖ್ಯ ಅಲರ್ಜಿಕಾರಕವೆಂದು ಆರಿಸಿ ಲೋಕದ ಗಮನ ಸೆಳೆದಿತ್ತು.

ನಮ್ಮ ದೇಶದಲ್ಲಿಯೂ ಕೂದಲಬಣ್ಣದ ಪೊಟ್ಟಣದ ಮೇಲೆ ಸ್ಥಳೀಯ ಭಾಷೆಯಲ್ಲಿ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮವುಂಟು: ಚರ್ಮಕ್ಕೆ ಕೆರಳಿಕೆಯಾಗಬಹುದು, ಮೊದಲು ಪರೀಕ್ಷಿಸಿ ನೋಡಬೇಕು, ಹುಬ್ಬು-ರೆಪ್ಪೆಗಳಿಗೆ ಹಚ್ಚಿದರೆ ಕುರುಡಾದೀತು ಎಂದು. ವಯಸ್ಕರ ಕೂದಲಿಗೇ ಇಷ್ಟು ಎಚ್ಚರಿಕೆ! ಜಾತ್ರೆಯ ಶಂಕುವಿನಾಕಾರದ ಕೊಳವೆಯ ಮೇಲೆ ಒಂದಕ್ಷರವೂ ಇರುವುದಿಲ್ಲ. ಅದನ್ನು ಹಚ್ಚುವುದು ಎಳೆಯ ಮಕ್ಕಳ ತೆಳುವಾದ ಚರ್ಮಕ್ಕೆ.

ಹುಡುಗನಿಗೆ ಮೊದಲ ವರ್ಷ ಏನೂ ಆಗದೆ ಎರಡನೆಯ ವರ್ಷ ಆದುದರ ಮರ್ಮವನ್ನು ವೈದ್ಯರು ವಿವರಿಸಿದರಂತೆ. ಮೊದಲ ಸಲ ದೇಹವು ಆ ವಸ್ತುವನ್ನು ಗುರುತಿಸಿಟ್ಟುಕೊಳ್ಳುತ್ತದೆ. ಮರಳಿ ಸೋಕಿದಾಗ ಒಂದೆರಡು ದಿನಗಳಲ್ಲಿ ಕೆರಳುತ್ತದೆ. ಕೆಲವರಲ್ಲಿ ಮೊದಲ ಸಲವೇ, ವಾರ ಹತ್ತು ದಿನಗಳ ತರುವಾಯ ಬೊಕ್ಕೆಯೇಳುವುದೂ ಉಂಟು. ಮುಲಾಮಿನಿಂದ ಹುಣ್ಣು ಮಾಯಿತು. ಆದರೆ ನಾಗನಿದ್ದಲ್ಲಿ ನಾಗನ ಆಕಾರದಲ್ಲಿಯೇ ಬಿಳುಪು ಉಳಿಯಿತು. ಅದನ್ನು ಕಂಡು ಅಜ್ಜಿಯು ತೊನ್ನೆಂದು ಅತ್ತಳು. ಹೆಚ್ಚಿನ ಮಕ್ಕಳಲ್ಲಿ ಇಂಥ ಬಿಳುಪು ಕೆಲವು ತಿಂಗಳುಗಳಲ್ಲಿ ತುಂಬಿಕೊಳ್ಳುತ್ತದೆಂದು ವೈದ್ಯರು ಹೇಳಿದ್ದರು. ಈ ಹುಡುಗನಿಗೂ ಹಾಗೆಯೇ ಆಯಿತು.

ಕಲೆ ಮಾಯಿತು, ದೇಹದ ನೆನಪು ಮಾತ್ರ ಮಾಯುವಂಥದಲ್ಲ. ಮೂವತ್ತು ವರ್ಷಗಳ ಮೇಲೆ ಈತನು ನರೆತ ತಲೆಗೆ ಬಣ್ಣ ಹಚ್ಚಿದರೆ ಮುಖವೇ ಬಾತು ಕಣ್ಣು ಮುಚ್ಚೀತು. ಕೆಲವರಿಗೆ ಬಟ್ಟೆಯ ಕೆಲವು ಬಣ್ಣಗಳೂ, ಬೆಂಜೊಕೇನ್‌ನಂಥ ಅರಿವಳಿಕೆಯ ಮುಲಾಮುಗಳೂ ಒಗ್ಗದೆ ಹೋಗುತ್ತವೆ. ನೂಲಿಗೆ ಬಣ್ಣ ಕಟ್ಟುವ ಮನೆಗಳುಳ್ಳ ಬೆಟಗೇರಿಯಂಥ ಊರಿನಲ್ಲಿ ಇದು ಹೊಟ್ಟೆಪಾಡಿನ ಮಾತೂ ಆದೀತು.

ಇದನ್ನು ಕೇಳಿದ ಕೆಲವರು ಚಿತ್ರ ಬಿಡಿಸಿದವರು ಯಾವ ಜಾತಿಯವರೆಂದು ವಿಚಾರಿಸತೊಡಗಿದರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರರ ಶಿರಹಟ್ಟಿಯಲ್ಲಿ ಈ ಪ್ರಶ್ನೆ ಹುಟ್ಟಿದ್ದೇ ನಮಗೆ ಬೇಸರ ತಂದಿತು. ಮದರಂಗಿ ಪಂಚಮಿಗೂ ಬೇಕು, ರಮಜಾನಿಗೂ ಬೇಕು, ಮದುವೆಗೂ ಬೇಕು. ಹತ್ತು ರೂಪಾಯಿಗೆ ಚಿತ್ರ ಬರೆಯುವ ಬಡವರು ತಮ್ಮ ಮಕ್ಕಳ ಕೈಗೂ ಅದೇ ಬಣ್ಣ ಹಚ್ಚಿರುತ್ತಾರೆ. ಕೊಳವೆಯೊಳಗೆ ಏನಿದೆಯೆಂಬುದು ಅವರಿಗೂ ತಿಳಿದಿರಲಾರದು. ಅಂಗಡಿಯ ಮುಂದೆ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಹೊತ್ತಿನಲ್ಲಿ ಬಣ್ಣ ಹತ್ತುತ್ತದೆ? ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆಂಬ ಉತ್ತರ ಬಂದರೆ ಮಗುವಿನ ಕೈಹಿಡಿದು ಮುಂದೆ ನಡೆಯಬೇಕು.

ನಮ್ಮ ಮನಸ್ಸಿನಲ್ಲಿ ಉಳಿದವಳು ಆ ತಂಗಿ. ಆಕೆಯ ಕೈಯ ಬಳ್ಳಿ ಯಾವ ಬಾಧೆಯನ್ನೂ ಕೊಡದೆ ಅಳಿಸಿಹೋಯಿತು. ಅಣ್ಣನಿಗೆ ಮುಂಡರಗಿಯಲ್ಲಿ ಆದುದೂ ಅಷ್ಟೇ ತಾನೆ? ಆಕೆಯ ದೇಹವು ಈಗಾಗಲೇ ಗುರುತಿಸಿಟ್ಟುಕೊಂಡಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಮರಳಿ ಬಂದಾಗ ತಾಯಿಯು ವೈದ್ಯರ ಚೀಟಿಯನ್ನು ತೋರಿಸಿದಳು. ಕೂದಲಬಣ್ಣ ಎಂದೂ ಸೋಕಕೂಡದೆಂದು ಅದರಲ್ಲಿ ಬರೆದಿತ್ತು. ಹುಡುಗನ ಹೆಸರಿನ ಕೆಳಗೆ, ತಾಯಿಯೇ ಕೇಳಿ ಬರೆಯಿಸಿದ್ದು, ತಂಗಿಯ ಹೆಸರೂ ಇತ್ತು.