ಮೂವತ್ತು ಸಿಸ್ಟಮ್, ಎಣಿಕೆ ಒಂದು

"ವಿಂಡೋಸ್ ಆ್ಯಕ್ಟಿವೇಟ್ ಮಾಡಿ" ಅಂತ ಸ್ಕ್ರೀನಿನ ಮೂಲೆಯಲ್ಲಿ ಬಂದರೆ ನಮ್ಮಲ್ಲಿ ಹೆಚ್ಚಿನವರು ಹುಡುಕೋದು ಸೀನಿಯರ್ ಪೆನ್‌ಡ್ರೈವ್‌ನಲ್ಲಿರೋ ಕ್ರ್ಯಾಕ್. ಅದನ್ನು ಓಡಿಸೋಕೆ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಅದೇ ಸಿಸ್ಟಮ್‌ನಲ್ಲಿ ಆಮೇಲೆ ನಾವು ಪಾಸ್‌ವರ್ಡ್ ಟೈಪ್ ಮಾಡ್ತೀವಿ ಅನ್ನೋದು ಯಾರ ತಲೆಗೂ ಬರಲ್ಲ.

ಈ ಸೆಮ್‌ನಲ್ಲಿ ಲ್ಯಾಬ್‌ನ 30 ಸಿಸ್ಟಮ್‌ಗಳಲ್ಲೂ ಇದೇ ಮೆಸೇಜ್. ಕಾಲೇಜು ವಾಲ್ಯೂಮ್ ಲೈಸೆನ್ಸ್‌ಗೆ ದುಡ್ಡು ಕಟ್ಟಿದೆ, ಆದರೂ ಹೀಗೆ. ಲ್ಯಾಬ್ ಸರ್ ಜೊತೆ ಕೂತು ನೋಡಿದೆವು. ಕೆಎಂಎಸ್ ಪದ್ಧತಿಯಲ್ಲಿ ಸಿಸ್ಟಮ್‌ಗಳು ನೇರವಾಗಿ ಮೈಕ್ರೋಸಾಫ್ಟನ್ನು ಕೇಳಲ್ಲ. ಕ್ಯಾಂಪಸ್ಸಿನ ಸರ್ವರನ್ನೇ 1688ನೇ ಪೋರ್ಟ್‌ನಲ್ಲಿ ಕೇಳುತ್ತವೆ. ಕನಿಷ್ಠ 25 ಬೇರೆ ಬೇರೆ ಸಿಸ್ಟಮ್ ಬಂದು ಕೇಳೋವರೆಗೆ ಆ ಸರ್ವರ್ ಒಂದಕ್ಕೂ ಹೂಂ ಅನ್ನಲ್ಲ. ನೆಟ್‌ವರ್ಕ್ ಸರಿ, ಪೋರ್ಟ್ ಸರಿ, ಕೀ ಸರಿ. ಸರ್ವರ್‌ನಲ್ಲಿ ಎಣಿಕೆ ಮಾತ್ರ 1.

ಕಾರಣ ಕ್ಲೋನಿಂಗ್. ಸಿಸ್‌ಪ್ರೆಪ್‌ನಲ್ಲಿ ಜನರಲೈಸ್ ಮಾಡದೆ ಒಂದೇ ಇಮೇಜನ್ನು ಎಲ್ಲಕ್ಕೂ ಹಾಕಿದರೆ ಕ್ಲೈಂಟ್ ಮೆಷಿನ್ ಐಡಿಯೂ ನಕಲಾಗುತ್ತೆ. 30 ಜನ ಒಂದೇ ಯುಎಸ್‌ಎನ್ ಬರೆದು ಅಟೆಂಡೆನ್ಸ್ ಹಾಕಿದ ಹಾಗೆ!

ಪ್ರತಿಯೊಂದರಲ್ಲೂ ರೀಆರ್ಮ್ ಕೊಟ್ಟು ರೀಸ್ಟಾರ್ಟ್ ಮಾಡಿದೆವು. ಹೊಸ ಐಡಿ ಹುಟ್ಟಿತು. ಆಮೇಲೆ ಒಂದೊಂದೇ ಆ್ಯಕ್ಟಿವೇಟ್ ಕೊಡ್ತಾ ಹೋದ ಹಾಗೆ ಎಣಿಕೆ ಏರಿತು. 25 ಮುಟ್ಟಿದ ಮೇಲೆ ಸರ್ವರ್ ಒಪ್ಪಿತು. ಈ ಒಪ್ಪಿಗೆ 180 ದಿನದ್ದು. ಸಿಸ್ಟಮ್ ತಾನೇ 7 ದಿನಕ್ಕೊಮ್ಮೆ ಸರ್ವರನ್ನು ಕೇಳಿ ಅದನ್ನು ಹೊಸದು ಮಾಡಿಕೊಳ್ಳುತ್ತೆ.

ಇಂಥ ಕ್ರ್ಯಾಕ್‌ಗಳಲ್ಲಿ ಹಲವು ಮಾಡೋದು ಸುಳ್ಳು ಸರ್ವರ್ ಒಂದನ್ನು ನಿಲ್ಲಿಸೋ ಕೆಲಸ. ಅದರಿಂದ ಮೂಲೆಯ ಮೆಸೇಜ್ ಹೋಗುತ್ತಿತ್ತು. 30 ಸಿಸ್ಟಮ್‌ಗೂ ಒಂದೇ ಐಡಿ ಇರೋದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.