ಲುಧಿಯಾನದ ಸ್ವೆಟರ್ ಬೀದಿಗಳಲ್ಲಿ

ಪಂಜಾಬಿನ ಲುಧಿಯಾನವನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ಕವಿ ಸಾಹಿರ್ ಲುಧಿಯಾನ್ವಿಯ ಹೆಸರಿನಿಂದ. 1921ರಲ್ಲಿ ಸಾಹಿರ್ ಹುಟ್ಟಿದ್ದು ಇದೇ ಊರಿನಲ್ಲಿ. ಆದರೆ ನಮಗೆ ಗೊತ್ತಿಲ್ಲದೆಯೇ ಈ ಊರು ನಮ್ಮ ಮನೆಗಳ ಕಪಾಟಿನೊಳಗೂ ಬಂದು ಕುಳಿತಿದೆ. ಗಂಡಸರ ಸ್ವೆಟರ್ ಒಂದನ್ನು ತೆಗೆದು ಕುತ್ತಿಗೆಯ ಒಳಭಾಗದ ಚಿಕ್ಕ ಪಟ್ಟಿಯನ್ನು ತಿರುವಿ ನೋಡಿ. ಅನೇಕ ಸಲ ಅಲ್ಲಿ ಲುಧಿಯಾನ ಎಂದೇ ಬರೆದಿರುತ್ತದೆ. ಚಳಿಗಾಲದಲ್ಲಿ ನಮ್ಮ ಪೇಟೆಗಳ ರಸ್ತೆ ಬದಿಯಲ್ಲಿ ಬಣ್ಣಬಣ್ಣದ ಉಲ್ಲನ್ ಬಟ್ಟೆ ಹರಡಿ ಕುಳಿತುಕೊಳ್ಳುವ ಟಿಬೆಟಿಯನ್ ಹೆಂಗಸರ ಸರಕು ಕೂಡ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟಿಯನ್ ಕುಟುಂಬಗಳಲ್ಲಿ ಹಲವು ಪ್ರತಿ ವರ್ಷ ಲುಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಸ್ವೆಟರ್ ತಂದು, ಮಾರಿದ ಮೇಲೆ ಹಣ ಕೊಟ್ಟು ಬರುತ್ತವೆ.

ಕಳೆದ ನವೆಂಬರಿನಲ್ಲಿ ಆ ಊರನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಸಿಕ್ಕಿತು. ಮಲೇರ್‌ಕೋಟ್ಲಾದಲ್ಲಿ ನಮ್ಮ ಯಜಮಾನರ ಹಳೆಯ ಸ್ನೇಹಿತರ ಮಗಳ ಮದುವೆಯಿತ್ತು. ಅಲ್ಲಿಂದ ಲುಧಿಯಾನ ಸುಮಾರು 45 ಕಿಲೋಮೀಟರ್. ಅಲಿಗಢದಲ್ಲಿ ಮೊದಲ ವರ್ಷ ಓದುತ್ತಿರುವ ನನ್ನ ಅಣ್ಣನ ಮಗನೂ ರಜೆ ಹಾಕಿ ನಮ್ಮನ್ನು ಬಂದು ಸೇರಿಕೊಂಡಿದ್ದ. ಅವನಿಗೆ ಚಿಕ್ಕಂದಿನಿಂದ ಉಬ್ಬಸದ ತೊಂದರೆ. ಮಲೆನಾಡಿನ ಮಳೆಯಲ್ಲಿ ಬೆಳೆದ ಹುಡುಗನಾದರೂ ಉತ್ತರದ ಚಳಿ ಅವನಿಗೆ ಹೊಸದು. ಜನವರಿಯಲ್ಲಿ ಅಲ್ಲಿ ದಟ್ಟ ಮಂಜು ಕವಿದು ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ, ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ. ಇದನ್ನು ಯಾರೋ ಹೇಳಿದಂದಿನಿಂದ ನನ್ನ ಅತ್ತಿಗೆಗೆ ನಿದ್ದೆಯಿಲ್ಲ. “ದಪ್ಪದ್ದೊಂದು ಸ್ವೆಟರ್, ಅದರ ಮೇಲೆ ದಪ್ಪದ್ದೊಂದು ಜಾಕೆಟ್, ಎಷ್ಟಾದರೂ ಆಗಲಿ ತೆಗೆದುಕೊಡಿ” ಎಂದು ಫೋನಿನಲ್ಲಿ ಹೇಳಿದ್ದಳು. ಎಷ್ಟಾದರೂ ಆಗಲಿ ಎಂಬುದು ತಾಯಿಯ ಮಾತು. ಹಾಸ್ಟೆಲಿನ ಖರ್ಚು ಕಟ್ಟಿದ ಮೇಲೆ ಅಣ್ಣನಿಗೆ ಕಳಿಸಲು ಸಾಧ್ಯವಾದದ್ದು ಮೂರು ಸಾವಿರ ರೂಪಾಯಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಇನ್ನು ಹುಡುಗನದ್ದು ಬೇರೆಯೇ ಚಿಂತೆ. “ಫುಪ್ಪು, ಅಮ್ಮಿ ಹೇಳಿದ್ದನ್ನು ಹಾಕಿಕೊಂಡರೆ ಕ್ಲಾಸಿಗೆ ಹಾಸಿಗೆ ಸುತ್ತಿಕೊಂಡು ಬಂದವನ ಹಾಗೆ ಕಾಣುತ್ತೇನೆ” ಎಂದ.

ಲುಧಿಯಾನದ ರೈಲು ನಿಲ್ದಾಣದ ಬಳಿ ಒಂದು ಘಂಟಾಘರ್ ಇದೆ. 1906ರಲ್ಲಿ ಉದ್ಘಾಟನೆಯಾದ ಗಡಿಯಾರ ಗೋಪುರ. ಅದರ ಹತ್ತಿರದಿಂದಲೇ ಚೌಡಾ ಬಜಾರ್ ಶುರುವಾಗುತ್ತದೆ. ಚೌಡಾ ಎಂದರೆ ಅಗಲ. ಹೆಸರಿಟ್ಟ ಕಾಲದಲ್ಲಿ ಅಗಲವಾಗಿದ್ದಿರಬೇಕು. ಈಗ ರಿಕ್ಷಾ, ಸ್ಕೂಟರು, ತಲೆಯ ಮೇಲೆ ಗಂಟು ಹೊತ್ತ ಹಮಾಲರು ಇವರ ನಡುವೆ ಒಬ್ಬರ ಹಿಂದೆ ಒಬ್ಬರಂತೆ ನಡೆಯಬೇಕು. ಎರಡೂ ಕಡೆ ಸ್ವೆಟರ್, ಶಾಲು, ಟೋಪಿ, ಮಫ್ಲರ್, ಕೈಗವಸು. ಪಂಜಾಬಿಗಳು ಸ್ವೆಟರಿಗೆ ‘ಕೋಟಿ’ ಎನ್ನುತ್ತಾರೆ. ಅಂಗಡಿಯವರು “ಕೋಟಿ ನೋಡಿ, ಕೋಟಿ ನೋಡಿ” ಎಂದು ಕರೆಯುವಾಗ ನಮ್ಮ ಯಜಮಾನರು, “ನಮ್ಮ ಹತ್ತಿರ ಸಾವಿರವೇ ಇರುವುದು” ಎಂದು ಕನ್ನಡದಲ್ಲಿ ನಕ್ಕರು.

ಈ ಊರಿಗೂ ಉಣ್ಣೆಗೂ ನಂಟು ಬೆಳೆಸಿದವರು ಕಾಶ್ಮೀರಿ ಮುಸ್ಲಿಮ್ ನೇಕಾರರು. 1833ರ ಸುಮಾರಿಗೆ ಕಾಶ್ಮೀರದಲ್ಲಿ ಭೀಕರ ಬರ ಬಂದಾಗ ಅನೇಕ ಕುಟುಂಬಗಳು ಮಗ್ಗದ ವಿದ್ಯೆಯನ್ನಷ್ಟೇ ಕಟ್ಟಿಕೊಂಡು ಬೆಟ್ಟವಿಳಿದು ಇಲ್ಲಿ ನೆಲೆಸಿದವು, ಶಾಲು ನೇಯತೊಡಗಿದವು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ ನಡೆದ ಮೇಲೆ ಕಾಶ್ಮೀರಿ ಶಾಲಿನ ದೊಡ್ಡ ಗಿರಾಕಿಯಾಗಿದ್ದ ಫ್ರಾನ್ಸಿನ ಮಾರುಕಟ್ಟೆ ಬಿದ್ದುಹೋಯಿತು. 20ನೇ ಶತಮಾನದ ಆರಂಭದಲ್ಲಿ ಹೆಣಿಗೆ ಯಂತ್ರಗಳು ಬಂದವು. ಕಾಲುಚೀಲ, ಬನಿಯನ್, ಸ್ವೆಟರ್ ತಯಾರಾಗತೊಡಗಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಇಲ್ಲಿ ಹಗಲೂ ರಾತ್ರಿ ಕೆಲಸ ನಡೆಯಿತು. 1947ರ ವಿಭಜನೆಯಲ್ಲಿ ಊರಿನ ಹೆಚ್ಚಿನ ಮುಸ್ಲಿಮರು ಗಡಿ ದಾಟಿ ಹೋದರು. ಇಂದು ಬಿಹಾರ ಮತ್ತು ಉತ್ತರ ಪ್ರದೇಶದಿಂದ ಬಂದ ಕಾರ್ಮಿಕರಲ್ಲಿ ಮತ್ತೆ ಮುಸ್ಲಿಮರನ್ನು ಕಾಣಬಹುದು.

ನಾವು ಹೋದ ಅಂಗಡಿಯ ಮಾಲೀಕರು ಎಪ್ಪತ್ತು ದಾಟಿದ ಸರ್ದಾರ್‌ಜೀ. ನಾವು ಕರ್ನಾಟಕದವರೆಂದು ತಿಳಿದು ಚಹಾ ತರಿಸಿದರು. ಕೊಳ್ಳುವ ಮೊದಲು ನೋಡಿ ಬನ್ನಿ ಎಂದು ಮಾಧೋಪುರಿಯಲ್ಲಿದ್ದ ತಮ್ಮ ಚಿಕ್ಕ ಕಾರ್ಖಾನೆಗೆ ಹುಡುಗನೊಬ್ಬನ ಜೊತೆ ಕಳಿಸಿದರು.

ಸ್ವೆಟರ್ ಎಂದರೆ ಇಡಿಯಾಗಿ ಯಂತ್ರದಿಂದ ಉದುರುವ ವಸ್ತುವೆಂದು ತಿಳಿಯಬೇಡಿ. ಎದೆ, ಬೆನ್ನು, ಎರಡು ತೋಳು ಬೇರೆ ಬೇರೆಯಾಗಿ ಹೆಣೆಯಲ್ಪಡುತ್ತವೆ. ಯಂತ್ರದಲ್ಲಿ ಒಂದು ಇಂಚಿಗೆ ಎಷ್ಟು ಸೂಜಿಗಳಿವೆ ಎಂಬುದನ್ನು ಗೇಜ್ ಎನ್ನುತ್ತಾರೆ. ಮೂರು ಅಥವಾ ಐದು ಗೇಜ್ ಆದರೆ ಕಣ್ಣಿಗೆ ಕಾಣುವ ದಪ್ಪ ಹೆಣಿಗೆ. ಹನ್ನೆರಡು ಗೇಜ್ ಆದರೆ ಅಂಗಿಯ ಬಟ್ಟೆಯಷ್ಟು ನಯ. ಕುತ್ತಿಗೆಯ ಪಟ್ಟಿಯನ್ನು ಜೋಡಿಸುವ ಯಂತ್ರ ದುಂಡಗಿನ ತಟ್ಟೆಯಂತಿದ್ದು ಅದರ ಅಂಚಿಗೆಲ್ಲ ಮುಳ್ಳುಗಳಿವೆ. ಕೆಲಸಗಾರ ಒಂದೊಂದೇ ಕುಣಿಕೆಯನ್ನು ಒಂದೊಂದು ಮುಳ್ಳಿಗೆ ಸಿಕ್ಕಿಸುತ್ತಾ ಹೋಗುತ್ತಾನೆ. ಹೀಗೆ ಜೋಡಿಸಿದ ಕುತ್ತಿಗೆ ಬೇಗ ಸಡಿಲವಾಗುವುದಿಲ್ಲ, ಒಳಗೆ ಗಂಟಿನ ಹಾಗೆ ಒತ್ತುವುದೂ ಇಲ್ಲ. ಅಗ್ಗದ ಮಾಲಿನಲ್ಲಿ ಬಟ್ಟೆ ಕತ್ತರಿಸಿದ ಹಾಗೆ ಕತ್ತರಿಸಿ ಓವರ್‌ಲಾಕ್ ಹೊಲಿಗೆ ಹಾಕಿಬಿಡುತ್ತಾರೆ. ಗುಂಡಿ ಹಚ್ಚುವುದು, ಉಳಿದ ನೂಲಿನ ತುದಿ ಕತ್ತರಿಸುವುದು ಮುಂತಾದ ಕೆಲಸಗಳು ಗಂಟು ಕಟ್ಟಿ ಸುತ್ತಲಿನ ಮನೆಗಳಿಗೆ ಹೋಗುತ್ತವೆ. ಅಡಿಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಹೆಂಗಸರು ತುಂಡಿಗೆ ಇಷ್ಟು ಎಂದು ಕೂಲಿಗೆ ಅದನ್ನು ಮಾಡುತ್ತಾರೆ.

ಅಂಗಡಿಗೆ ಮರಳಿದ ಮೇಲೆ ಸರ್ದಾರ್‌ಜೀ ನಿಜವಾದ ಪಾಠ ಆರಂಭಿಸಿದರು. “ಬೆಹೆನ್‌ಜೀ, ಬಣ್ಣ ಆಮೇಲೆ ನೋಡಿ. ಮೊದಲು ಪಟ್ಟಿ ಓದಿ” ಎಂದರು. ಸ್ವೆಟರಿನ ನೂಲಿನಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು ಪೂರ್ತಿ ಉಣ್ಣೆ. ಅದರಲ್ಲಿ ಮೆರಿನೊ ಎಂಬ ಕುರಿಯ ಉಣ್ಣೆ ಬಹಳ ನಯ, ಮೈಗೆ ಚುಚ್ಚುವುದಿಲ್ಲ. ಲುಧಿಯಾನಕ್ಕೆ ಅದು ಆಸ್ಟ್ರೇಲಿಯಾದಿಂದ ಬರುತ್ತದೆ. ಎರಡನೆಯದು ಅಕ್ರಿಲಿಕ್, ಅಂದರೆ ರಾಸಾಯನಿಕದಿಂದ ಮಾಡಿದ ನೂಲು. ಮೂರನೆಯದು ಎರಡೂ ಬೆರೆತದ್ದು. ಮಾರುಕಟ್ಟೆಯಲ್ಲಿ ಅಕ್ರಿಲಿಕ್ಕಿಗೆ ಕ್ಯಾಶ್ಮಿಲಾನ್ ಎಂಬ ಹೆಸರೂ ಇದೆ. ಕ್ಯಾಶ್ಮಿಯರ್ ಎಂಬುದು ಆಡಿನ ಮೈಯ ಅತಿ ನಯವಾದ ಒಳರೋಮ, ಬಹಳ ದುಬಾರಿ. ಹೆಸರು ಹತ್ತಿರವಿರುವುದರಿಂದ ಅದನ್ನು ಇದೆಂದು ತಿಳಿದು ಹೆಚ್ಚು ಹಣ ಕೊಡುವವರಿದ್ದಾರೆ. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಅಗ್ಗ, ಹಗುರ, ತೊಳೆಯಲು ಸುಲಭ. ಆದರೆ ಅದರ ಬೆಲೆಗೆ ಅದನ್ನು ಕೊಳ್ಳಬೇಕು.

ಪಟ್ಟಿಯ ಮೇಲೆ ನಂಬಿಕೆ ಬಾರದಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ನೂಲನ್ನು ಕಿತ್ತು ಸುಟ್ಟು ನೋಡಬಹುದು. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿ ತೆಗೆದೊಡನೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪಗಿನ ಗಟ್ಟಿ ಗುಂಡಾಗುತ್ತದೆ. ಅಂಗಡಿಯಲ್ಲಿ ಬೆಂಕಿ ಕಡ್ಡಿ ಗೀರಲಾಗದು. ಆಗ ಕೈಯೇ ಪರೀಕ್ಷಕ. ಅಂಗೈಯಿಂದ ಸ್ವಲ್ಪ ಹೊತ್ತು ಉಜ್ಜಿದಾಗ ನೂಲಿನ ಸಣ್ಣ ಉಂಡೆಗಳು ಎದ್ದರೆ ಅದು ಒಂದೇ ಚಳಿಗಾಲದಲ್ಲಿ ಹಳತಾಗುತ್ತದೆ. ತೋಳಿನ ತುದಿಯ ಗೀರುಪಟ್ಟಿಯನ್ನು ಎಳೆದು ಬಿಡಿ, ತಕ್ಷಣ ಮೊದಲಿನಂತಾಗಬೇಕು. ನಮ್ಮ ಹುಡುಗನಿಗೆ ನಾನು ಇನ್ನೊಂದು ಪರೀಕ್ಷೆ ಹೇಳಿದೆ. ದಿನಕ್ಕೆ ಐದು ಸಲ ವುಝೂ ಮಾಡುವವನ ತೋಳು ಮೊಣಕೈಯ ಮೇಲೆ ಸಲೀಸಾಗಿ ಏರಬೇಕು, ಇಳಿಸಿದಾಗ ಮಣಿಕಟ್ಟಿಗೆ ಮತ್ತೆ ಅಂಟಬೇಕು. ಇಲ್ಲದಿದ್ದರೆ ಒದ್ದೆ ತೋಳಿನಲ್ಲೇ ಚಳಿ ಹೊಕ್ಕುತ್ತದೆ.

ಸರ್ದಾರ್‌ಜೀ ಸ್ವತಃ ಉಟ್ಟದ್ದೇ ಒಂದು ಮಾದರಿಯಾಗಿತ್ತು. ಒಳಗೆ ಮೈಗಂಟುವ ತೆಳುವಾದ ಥರ್ಮಲ್ ಬನಿಯನ್, ಅದರ ಮೇಲೆ ಬಿಳಿ ಅಂಗಿ, ಅಂಗಿಯ ಕಾಲರ್ ಕಾಣುವಂತೆ ಬೂದು ಬಣ್ಣದ ವಿ-ಕುತ್ತಿಗೆಯ ಸ್ವೆಟರ್, ಮೇಲೆ ಗಾಢ ನೀಲಿ ಕೋಟು. ಕುರ್ಚಿಯ ಬೆನ್ನಿಗೆ ಒಂದು ‘ಲೋಯಿ’, ಅಂದರೆ ಪಂಜಾಬಿನ ಗಂಡಸರು ಹೊದೆಯುವ ಉಣ್ಣೆಯ ಹೊದಿಕೆ. ನಾಲ್ಕು ಬಟ್ಟೆ ತೊಟ್ಟಿದ್ದರೂ ದಪ್ಪಗೆ ಕಾಣುತ್ತಿರಲಿಲ್ಲ. “ಬಿಸಿಲು ಬಂದರೆ ಒಂದೊಂದೇ ತೆಗೆಯುತ್ತೇನೆ, ಸಂಜೆ ಒಂದೊಂದೇ ಹಾಕುತ್ತೇನೆ” ಎಂದರು.

ಇದರ ಹಿಂದಿನ ಕಾರಣ ಸರಳ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ತಡೆಯುವುದು ಬಟ್ಟೆಯ ನೂಲಿನ ನಡುವೆಯೂ ಪದರ ಪದರಗಳ ನಡುವೆಯೂ ನಿಂತ ಗಾಳಿ. ಆದ್ದರಿಂದ ಒಂದು ಭಾರದ ಸ್ವೆಟರಿಗಿಂತ ಎರಡು ಮೂರು ತೆಳು ಪದರಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ದಪ್ಪದ ಒಂದನ್ನೇ ತೊಟ್ಟವನು ನಡೆದಾಗ ಬೆವರುತ್ತಾನೆ, ತೆಗೆದರೆ ನಡುಗುತ್ತಾನೆ. ಉಬ್ಬಸದವರಿಗೆ ಇವೆರಡೂ ಒಳ್ಳೆಯದಲ್ಲ. ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಅದು ಒದ್ದೆಯೆನಿಸುವುದಿಲ್ಲ. ಆದರೆ ಹೆಣೆದ ಬಟ್ಟೆಯೊಳಗೆ ಗಾಳಿ ನುಗ್ಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಒಂದು ಪದರ ಬೇಕು.

ಇನ್ನು ಚೆಂದ ಕಾಣುವ ವಿಷಯ. ಅಲ್ಲಾಹನು ಕೊಟ್ಟದ್ದರಲ್ಲಿ ಅಚ್ಚುಕಟ್ಟಾಗಿ ಇರುವುದು ದುಂದುವೆಚ್ಚವಲ್ಲ. ಸರ್ದಾರ್‌ಜೀ ತಿಳಿಸಿದ್ದನ್ನು ಮತ್ತು ಆ ಬಜಾರಿನಲ್ಲಿ ನಾನು ಗಮನಿಸಿದ್ದನ್ನು ಇಲ್ಲಿ ಹೇಳುತ್ತೇನೆ. ತೆಳುವಾದದ್ದು ಒಳಗೆ, ದಪ್ಪದ್ದು ಹೊರಗೆ; ಇದು ತಲೆಕೆಳಗಾದರೆ ತೋಳು ಕಂಕುಳಲ್ಲಿ ಸುಕ್ಕುಗಟ್ಟಿ ನಿಲ್ಲುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂರಬೇಕು. ಕಾಲರ್ ಇರುವ ಅಂಗಿಯ ಮೇಲೆ ವಿ-ಕುತ್ತಿಗೆ ಒಪ್ಪುತ್ತದೆ, ಕಾಲರ್ ಇಲ್ಲದ ಟೀ-ಶರ್ಟಿನ ಮೇಲೆ ದುಂಡು ಕುತ್ತಿಗೆ. ಪದರಗಳಲ್ಲಿ ಒಂದಕ್ಕೆ ಮಾತ್ರ ಗೆರೆ ಅಥವಾ ಚಿತ್ತಾರವಿರಲಿ, ಉಳಿದವು ಸಾದಾ ಇರಲಿ. ಗಾಢ ನೀಲಿ, ಬೂದು, ಮೆರೂನ್ ಈ ಮೂರು ಬಣ್ಣಗಳು ಹೆಚ್ಚಿನ ಅಂಗಿಗಳ ಜೊತೆ ಹೊಂದುತ್ತವೆ. ಕುರ್ತಾ ತೊಡುವವರಿಗೆ ತೋಳಿಲ್ಲದ ಹಾಫ್ ಸ್ವೆಟರ್ ಅಥವಾ ಮುಂದೆ ಗುಂಡಿಯಿರುವ ಕಾರ್ಡಿಗನ್ ಅನುಕೂಲ. ಸೊಂಟದ ಪಟ್ಟಿ ಬಿಗಿಯಾಗಿದ್ದರೆ ಕುರ್ತಾ ಉಬ್ಬಿ ನಿಲ್ಲುತ್ತದೆ. ಕಾರ್ಡಿಗನ್ ಎಂಬ ಹೆಸರು 1854ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ಕಾರ್ಡಿಗನ್‌ನಿಂದ ಬಂದದ್ದು.

ಮೂರು ಸಾವಿರದೊಳಗೆ ನಾವು ಕೊಂಡದ್ದು ಇಷ್ಟು: ಎರಡು ಥರ್ಮಲ್ ಬನಿಯನ್, ಉಣ್ಣೆ ಬೆರೆತ ಹನ್ನೆರಡು ಗೇಜಿನ ಬೂದು ಬಣ್ಣದ ವಿ-ಕುತ್ತಿಗೆ ಸ್ವೆಟರ್, ಗಾಢ ನೀಲಿಯ ಅಕ್ರಿಲಿಕ್ ಹಾಫ್ ಸ್ವೆಟರ್, ಒಂದು ಮಫ್ಲರ್. ಗಾಳಿ ತಡೆಯುವ ಪದರಕ್ಕೆ ಹಣ ಉಳಿಯಲಿಲ್ಲ, ಬೇಕಾಗಲೂ ಇಲ್ಲ. ಮಲೆನಾಡಿನ ಮಳೆಗಾಲಕ್ಕೆಂದು ಕೊಂಡ ರೇನ್‌ಕೋಟಿನ ಜಾಕೆಟ್ ಅವನ ಪೆಟ್ಟಿಗೆಯಲ್ಲೇ ಇತ್ತು. ಮಳೆ ನೀರನ್ನು ತಡೆಯುವ ಬಟ್ಟೆ ಗಾಳಿಯನ್ನೂ ತಡೆಯುತ್ತದೆ.

ರಾತ್ರಿ ಅತ್ತಿಗೆಗೆ ಫೋನಿನಲ್ಲಿ ಒಂದೊಂದನ್ನೇ ತೋರಿಸಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. “ಇಷ್ಟು ತೆಳುವಾದದ್ದರಲ್ಲಿ ನನ್ನ ಮಗ ಚಳಿ ಕಳೆಯುತ್ತಾನಾ?” ಎಂದಳು. ಹುಡುಗ ಎಲ್ಲವನ್ನೂ ಒಂದರ ಮೇಲೊಂದು ತೊಟ್ಟು ಅವಳ ಮುಂದೆ ನಿಂತ. ಎರಡೇ ನಿಮಿಷದಲ್ಲಿ ಸೆಖೆಯಾಗುತ್ತದೆ ಎಂದು ಜಾಕೆಟ್ ಬಿಚ್ಚಿದ. ಆಗ ಅವಳ ಮುಖ ಸಡಿಲವಾಯಿತು. ಜನವರಿಯ ಮಂಜಿನಲ್ಲಿ ದಿನವೂ ಫೋನು ಮಾಡಿ ವಿಚಾರಿಸಿದಳು. ಒಂದು ಸಲ ನೆಗಡಿಯಾಯಿತು, ಉಬ್ಬಸ ಕಾಡಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಅವನ ಮದ್ದು ಅವನ ಜೇಬಿನಲ್ಲಿ ಸದಾ ಇತ್ತೆಂಬುದನ್ನೂ ಹೇಳಬೇಕು. ಬಟ್ಟೆ ಮದ್ದಿಗೆ ಬದಲಿಯಲ್ಲ.

ಸಹೋದರಿಯರೇ, ಇದಕ್ಕಾಗಿ ಯಾರೂ ಲುಧಿಯಾನಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಊರಿನ ಟಿಬೆಟಿಯನ್ ಅಂಗಡಿಯಲ್ಲೂ ಪಟ್ಟಿ ಓದಬಹುದು, ಪಟ್ಟಿ ಎಳೆದು ನೋಡಬಹುದು, ಭುಜ ಅಳೆಯಬಹುದು. ಕೊಂಡದ್ದನ್ನು ಬಾಳಿಸುವುದು ನಮ್ಮ ಕೈಯಲ್ಲಿದೆ. ಉಣ್ಣೆಯನ್ನು ತಣ್ಣೀರಿನಲ್ಲಿ ದ್ರವ ಸಾಬೂನು ಹಾಕಿ ತೊಳೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ಚಳಿ ಮುಗಿದ ಮೇಲೆ ತೊಳೆದು, ಚೆನ್ನಾಗಿ ಒಣಗಿಸಿ, ಮಡಚಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ನುಸಿಗುಳಿಗೆಯ ಜೊತೆ ಇಡಿ. ಬೆವರು ಉಳಿದ ಉಣ್ಣೆಯನ್ನೇ ಹುಳ ಮೊದಲು ಹುಡುಕುತ್ತದೆ. ಮುಂದಿನ ವರ್ಷ ಮಗನಿಗೆ ಚಿಕ್ಕದಾದರೆ ತಮ್ಮನಿಗೆ ಆಗುತ್ತದೆ, ಅಲ್ಲಿಗೂ ಆಗದಿದ್ದರೆ ಚಳಿಯಲ್ಲಿ ಬರಿಮೈಯಲ್ಲಿರುವ ಇನ್ನೊಬ್ಬ ಹುಡುಗ ನಮ್ಮ ಬೀದಿಯಲ್ಲೇ ಇರುತ್ತಾನೆ.