ಬಾಸ್ಟನ್ನಿಗೆ ಬರುವ ಮರ

ಅಮೆರಿಕದ ಬಾಸ್ಟನ್ ನಗರದ ನಡುವೆ ‘ಬಾಸ್ಟನ್ ಕಾಮನ್’ ಎಂಬ ಹಳೆಯ ಉದ್ಯಾನವಿದೆ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ದೀಪಾಲಂಕಾರದಿಂದ ಬೆಳಗುವ 40-50 ಅಡಿಯ ಮರ ಆ ಊರಿನದಲ್ಲ. ಕೆನಡಾದ ನೋವಾಸ್ಕೋಷಿಯಾ ಪ್ರಾಂತ್ಯದ ಕಾಣಿಕೆ.

1917ರ ಡಿಸೆಂಬರ್ 6ರಂದು ಅಲ್ಲಿನ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿಮದ್ದು ತುಂಬಿದ್ದ ಹಡಗು ಸ್ಫೋಟಿಸಿ ಸುಮಾರು ಎರಡು ಸಾವಿರ ಜನ ಸತ್ತರು. ಹಡಗಿನ ಬೆಂಕಿಯನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದವರ ಕಣ್ಣಿಗೆ ಗಾಜು ನಾಟಿತು. ಪಾಪ, ಅವರಲ್ಲಿ ಮಕ್ಕಳೂ ಇದ್ದರು. ಅದೇ ರಾತ್ರಿ ಬಾಸ್ಟನ್ನಿನ ವೈದ್ಯರು, ದಾದಿಯರು ರೈಲು ಹತ್ತಿದರು. ದಾರಿಯಲ್ಲಿ ಹಿಮಬಿರುಗಾಳಿ ತಡೆದರೂ ಹಿಂದಿರುಗಲಿಲ್ಲ.

ಮರುವರ್ಷ ಹ್ಯಾಲಿಫ್ಯಾಕ್ಸ್ ಕೃತಜ್ಞತೆಯಿಂದ ಒಂದು ಮರ ಕಳಿಸಿತು. ನಿಂತುಹೋಗಿದ್ದ ಆ ಪದ್ಧತಿಯನ್ನು 1971ರಲ್ಲಿ ಕ್ರಿಸ್‌ಮಸ್ ಮರ ಬೆಳೆಗಾರರ ಸಂಘ ಮತ್ತೆ ಆರಂಭಿಸಿತು. ಮರವನ್ನು ಯಾರಾದರೂ ತಮ್ಮ ಜಮೀನಿನಿಂದ ದಾನ ಕೊಡುತ್ತಾರೆ. ಅಷ್ಟೆತ್ತರ ಬೆಳೆಯಲು ದಶಕಗಳೇ ಬೇಕು. ಸುಮ್ಮನೆ ಕೊಡುವುದು ಸಣ್ಣ ಮಾತಲ್ಲ. ಕಡಿಯುವ ದಿನ ಶಾಲಾಮಕ್ಕಳೂ ಸೇರುತ್ತಾರೆ.